ಶಾಂತಾಳ ಕಿವಿಯ ಮೇಲೆ ಹೊರಿಸಿದ ತಪ್ಪು

ನನ್ನ ಹೆಂಡತಿಯ ಕಿವಿಗೆ ಏನೂ ಆಗಿರಲಿಲ್ಲ. ಅದು ಮಂದವಾಗಿದೆ ಎಂದು ಅವಳನ್ನು ನಂಬಿಸಿದವನು ನಾನು — ಬೇಕಂತಲೇ ನಂಬಿಸಿದೆ, ಹೊಟ್ಟೆಕಿಚ್ಚಿಗೆ ನಂಬಿಸಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಿಪ್ಪಾಣಿಯ ಹೊರಗೆ ಚಿಕ್ಕೋಡಿ ರಸ್ತೆಯ ಮೇಲೆ ನನ್ನ ಗ್ಯಾರೇಜು. ಜನ ನನ್ನನ್ನು ಬಾಬು ಮಿಸ್ತ್ರಿ ಎನ್ನುತ್ತಾರೆ. ಹಳೆಯ ಪೆಟ್ರೋಲ್ ಕಾರುಗಳ ಇಂಜಿನ್ನು ಬಿಚ್ಚಿ ಕಟ್ಟುತ್ತಲೇ ನನ್ನ ಕೂದಲು ಬೆಳ್ಳಗಾಗಿವೆ. ಇಂಜಿನ್ನಿನ ತಪ್ಪು ಹೇಳುವಾಗ ಎದುರಿನವ ಯಾರು, ಎಂಥವ ಎಂದು ನೋಡಿದವನಲ್ಲ, ಮುಖದ ಮೇಲೆ ಹೇಳಿದವನು. ನನ್ನ ತಪ್ಪು ಹೇಳಲು ಮಾತ್ರ ಇಷ್ಟು ವರ್ಷ ಹಿಡಿಯಿತು.

ಹೊಟ್ಟೆಕಿಚ್ಚು ಎಂದೆನಲ್ಲ — ಹೌದು, ಕಟ್ಟಿಕೊಂಡ ಹೆಂಡತಿಯ ಮೇಲೆಯೇ. ಪರಗಂಡಸಿನ ಸಲುವಾಗಿ ಅಲ್ಲ. ಹಾಗಿದ್ದರೆ ಕೇಳಿದವರು ‘ಹೋಗಲಿ ಬಿಡು, ಗಂಡಸರ ಬುದ್ಧಿ’ ಎಂದಾದರೂ ಅನ್ನುತ್ತಿದ್ದರು. ನನಗೆ ಹೊಟ್ಟೆ ಉರಿದದ್ದು ನನ್ನ ಕೆಲಸ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ ಎಂಬುದಕ್ಕೆ. ಅದನ್ನು ಅವಳಿಗೆ ಕಲಿಸಿದವನೂ ನಾನೇ, ಇನ್ನು ಯಾರನ್ನು ಬೈಯಲಿ?

ಶಾಂತಾ ಕೃಷ್ಣಾ ದಂಡೆಯ ಜುಗೂಳದವಳು. ಹೊಳೆಯಿಂದ ಹೊಲಕ್ಕೆ ನೀರೆತ್ತಲು ಅವಳಪ್ಪ ಒಂದು ಎಣ್ಣೆಯ ಇಂಜಿನ್ನು ಇಟ್ಟಿದ್ದರು. ಅದು ದಂಡೆಯಲ್ಲಿ, ಮನೆ ಊರೊಳಗೆ. ಈ ಹುಡುಗಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಕೂತಲ್ಲಿಂದಲೇ, ‘ಅಪ್ಪಾ, ಪಂಪು ನೀರ ಬಿಟ್ಟೈತಿ, ಬರೇ ಗಾಳಿ ಜಗ್ಗಾಕತ್ತೈತಿ’ ಎನ್ನುತ್ತಿದ್ದಳಂತೆ. ಮಾವ ಹೋಗಿ ನೋಡಿದರೆ ಹಾಗೇ ಇರುತ್ತಿತ್ತಂತೆ. ಮದುವೆಯ ಹೊಸತರಲ್ಲಿ ಅವರು ಈ ಮಾತು ಹೇಳಿದಾಗ ನಾನು ನಕ್ಕಿದ್ದೆ. ಮಗಳನ್ನು ಹೊಗಳದ ಅಪ್ಪ ಯಾರು ಎಂದುಕೊಂಡಿದ್ದೆ.

ನಮ್ಮ ಮನೆ ಗ್ಯಾರೇಜಿನ ಬೆನ್ನಿಗೇ ಇದೆ. ಅಡುಗೆಮನೆಗೂ ಗ್ಯಾರೇಜಿಗೂ ನಡುವೆ ಒಂದೇ ಗೋಡೆ, ಅದರ ಮೇಲೆ ಗಾಳಿಗೆ ಬಿಟ್ಟ ಕಿಂಡಿ. ಒಂದು ದಿನ ನಾನು ಒಂದು ಹಳೆಯ ಕಾರಿನ ಟೈಮಿಂಗ್ ಹಿಡಿಯುತ್ತಿದ್ದೆ. ತಿಳಿಯದವರಿಗೆ ಹೇಳುತ್ತೇನೆ — ಪೆಟ್ರೋಲಿಗೆ ಕಿಡಿ ಯಾವ ಗಳಿಗೆಗೆ ತಾಗಬೇಕು ಎಂಬುದೇ ಟೈಮಿಂಗ್. ತವೆಯ ಮೇಲಿನ ರೊಟ್ಟಿಯ ಹಾಗೆ: ಬೇಗ ಮಗುಚಿದರೂ ಕೆಟ್ಟಿತು, ತಡವಾದರೂ ಕೆಟ್ಟಿತು. ಹಳೆಯ ಇಂಜಿನ್ನುಗಳಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೈಯಿಂದಲೇ ಹಿಂದೆ ಮುಂದೆ ತಿರುಗಿಸಿ ಆ ಗಳಿಗೆ ಗೊತ್ತು ಮಾಡುತ್ತೇವೆ. ನಾನು ತಿರುಗಿಸುತ್ತಿದ್ದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಕಿಂಡಿಯಿಂದ ಅವಳ ಧ್ವನಿ ಬಂತು.

‘ಇನ್ನೊಂದ ಕೂದಲೆಳಿ ಹಿಂದ ತಗೀರಿ. ಒದ್ದಾಡಾಕತ್ತೈತಿ ಅದು.’

ನನಗೆ ನಗು ಬಂತು. ಆಟಕ್ಕೆಂದು ಒಂದು ಕೂದಲೆಳೆ ಹಿಂದೆ ತೆಗೆದೆ. ಇಂಜಿನ್ನು ಹಾಲು ಕುಡಿದ ಕೂಸಿನ ಹಾಗೆ ತಣ್ಣಗಾಯಿತು. ಟೈಮಿಂಗ್ ಲೈಟು ಹಿಡಿದು ನೋಡಿದೆ — ಗುರುತಿನ ಮೇಲೆ ಗುರುತು ಕೂತಿತ್ತು.

ಆಗ ನನಗೆ ಹೆಮ್ಮೆಯೇ ಆಯಿತು, ಸುಳ್ಳೇಕೆ ಹೇಳಲಿ. ಕರೆದು ನಟ್ಟು ತಿರುಗಿಸುವ ಪಾನಾ ಕೈಗೆ ಕೊಟ್ಟೆ. ಡಿಸ್ಟ್ರಿಬ್ಯೂಟರಿನ ಬದಿಗೆ ಒಂದು ತಗಡಿನ ಡಬ್ಬಿ ಇರುತ್ತದೆ, ಅದರಿಂದ ಕಾರ್ಬ್ಯುರೇಟರಿಗೆ ಬೆರಳಿಗಿಂತ ಸಣ್ಣದೊಂದು ರಬ್ಬರ್ ಪೈಪು — ವ್ಯಾಕ್ಯೂಮ್ ಪೈಪು. ಸಪಾಟು ರಸ್ತೆಯಲ್ಲಿ ಹಗುರ ಕಾಲಿಟ್ಟು ಓಡಿಸುವಾಗ ಇಂಜಿನ್ನು ತಾನೇ ಗಾಳಿ ಜಗ್ಗಿ ಆ ಡಬ್ಬಿಯ ಮೂಲಕ ಕಿಡಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತದೆ. ಘಾಟಿನ ಗುಡ್ಡದ ರಸ್ತೆ ಏರುವಾಗ ಆ ಜಗ್ಗುವಿಕೆ ಬಿಟ್ಟುಹೋಗಿ ಕಿಡಿ ಹಿಂದಕ್ಕೆ ಬರುತ್ತದೆ. ಡಬ್ಬಿ ಸರಿ ಇದೆಯೋ ಇಲ್ಲವೋ ನೋಡಲು ನಮ್ಮ ಉಸ್ತಾದರು ಕಲಿಸಿದ ದಾರಿ ಒಂದೇ: ಇಂಜಿನ್ನು ಬಂದ್ ಮಾಡಿ, ಪೈಪಿನ ತುದಿ ಬಿಚ್ಚಿ ಬಾಯಿಗಿಟ್ಟು, ಉಸಿರೆಳೆದು ನಾಲಗೆ ಒತ್ತಬೇಕು. ನಾಲಗೆ ಅಂಟಿಕೊಂಡರೆ ಡಬ್ಬಿ ಗಟ್ಟಿ. ಎಳೆದಾಗ ಒಳಗೆ ಪ್ಲೇಟು ಸರಿದು ಸಣ್ಣಗೆ ‘ಟಿಕ್’ ಎನ್ನಬೇಕು. ಆ ಸಪ್ಪಳ ನನಗೆ ಹತ್ತು ಸಲದಲ್ಲಿ ಒಂದು ಸಲ ಕೇಳುತ್ತಿತ್ತೋ ಇಲ್ಲವೋ. ಅವಳಿಗೆ ಪ್ರತಿ ಸಲ ಕೇಳುತ್ತಿತ್ತು. ಸೆರಗಿನಿಂದ ತುಟಿ ಒರೆಸಿಕೊಂಡು, ‘ಸರದೈತಿ ನೋಡ್ರಿ’ ಎನ್ನುತ್ತಿದ್ದಳು.

ಆ ಹೊತ್ತಿಗಾಗಲೇ ಹೊಸ ಕಾರುಗಳೆಲ್ಲ ಕಂಪ್ಯೂಟರಿನವಾಗಿ ಶೋರೂಮು ಸೇರಿದ್ದವು. ನನಗೆ ಉಳಿದದ್ದು ಹಳೆಯ ಗಾಡಿಗಳು ಮತ್ತು ಅವುಗಳ ಮೇಲೆ ಜೀವ ಇಟ್ಟುಕೊಂಡ ಕೆಲವು ಜನ. ನಿಪ್ಪಾಣಿ, ರಾಯಬಾಗ, ಕಾಗವಾಡ, ಆ ಕಡೆ ಕೊಲ್ಹಾಪುರದಿಂದಲೂ ಬರುತ್ತಿದ್ದರು. ನನ್ನ ಹತ್ತಿರ ಬರುತ್ತಾರೆ ಎಂದು ನಾನು ಎದೆ ಸೆಟೆಸಿ ತಿರುಗುತ್ತಿದ್ದೆ. ಬರಬರುತ್ತ ಗಾಡಿ ನಿಲ್ಲಿಸಿದವರು ನನ್ನನ್ನು ದಾಟಿ ಕಿಂಡಿಯ ಕಡೆ ನೋಡತೊಡಗಿದರು. ‘ಬಾಯಾರ ಅದಾರೇನ್ರಿ?’ ಎಂದು ಶಾಂತಾಳನ್ನೇ ಹುಡುಕುವರು. ಕೈಯಲ್ಲಿ ಪಾನಾ ಹಿಡಿದು ಎದುರಿಗೇ ನಿಂತಿರುತ್ತಿದ್ದೆ ನಾನು! ಕೊಲ್ಹಾಪುರದವನೊಬ್ಬ ಅಂತೂ ಗಾಡಿಯಿಂದ ಇಳಿಯುವ ಮೊದಲೇ, ‘ವಹಿನೀಂನಾ ಬೋಲವಾ’ — ಅತ್ತಿಗೆಯನ್ನು ಕರೆಯಿರಿ — ಎಂದು ಕೂಗುತ್ತಿದ್ದ. ಕರೆಯುತ್ತಿದ್ದೆ. ನಗುನಗುತ್ತ ಕರೆಯುತ್ತಿದ್ದೆ, ಒಳಗೆ ಖಾರ ಅರೆದಂತಾಗುತ್ತಿತ್ತು.

ಒಂದು ಸಲ ರಾಯಬಾಗದ ಒಬ್ಬ ಮಾಸ್ತರರು ಮೊಬೈಲಿನಲ್ಲಿ ಫೋಟೋ ತೆಗೆಯಲು ಬಂದರು. ಶಾಂತಾ ಬಾನೆಟ್ಟಿನೊಳಗೆ ಬಗ್ಗಿ, ಡಿಸ್ಟ್ರಿಬ್ಯೂಟರಿನ ಮೇಲೆ ಕೈಯಿಟ್ಟು, ಕಣ್ಣುಮುಚ್ಚಿ ನಿಂತಿದ್ದಳು. ನಾನು ಪಕ್ಕದಲ್ಲೇ ಇದ್ದೆ. ಮಾಸ್ತರರು, ‘ಮಿಸ್ತ್ರಿ, ಸ್ವಲ್ಪ ಬಾಜೂಕ ಸರೀರಿ, ಬಾಯಾರ ಮಾರಿಗೆ ನೆಳ್ಳ ಬೀಳಾಕತ್ತೈತಿ’ ಎಂದರು. ಸರಿದೆ. ನನ್ನ ಗ್ಯಾರೇಜು, ನನ್ನ ಪಾನಾ, ನಾನು ಕಲಿಸಿದ ವಿದ್ಯೆ — ನಾನೇ ಸರಿದೆ. ಆ ಫೋಟೋ ಊರೆಲ್ಲ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ನೋಡಿದವರು ಬಂದು ನನ್ನ ಬೆನ್ನು ತಟ್ಟಿ, ‘ಪುಣ್ಯಾ ಮಾಡೀದಿ ಬಿಡೋ ಬಾಬು’ ಎನ್ನುತ್ತಿದ್ದರು. ತಟ್ಟಿಸಿಕೊಂಡ ಬೆನ್ನು ಉರಿಯುತ್ತಿತ್ತು.

ನನ್ನ ಅವ್ವನೂ ಸುಮ್ಮನಿರಲಿಲ್ಲ. ಅವಳಿಗೆ ಸೊಸೆ ಎಂದರೆ ಪ್ರಾಣ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ಶಾಂತಾ ಇನ್ನೂ ಹೊರಗೆ ಯಾರದೋ ಗಾಡಿ ನೋಡುತ್ತಿದ್ದಾಗ, ಅವ್ವ ಬೊಚ್ಚು ಬಾಯಿ ಬಿಟ್ಟು ನಕ್ಕು, ‘ಬಾಬು, ಇನ್ನ ಮ್ಯಾಲ ನೀ ಒಳಗ ಬಂದ ರೊಟ್ಟಿ ಬಡೀಪಾ’ ಎಂದಳು. ಚೇಷ್ಟೆ, ಬರೀ ಚೇಷ್ಟೆ. ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟೆ. ಎದ್ದು ಕೈ ತೊಳೆದುಕೊಂಡೆ. ಹೆಂಡತಿ ಬಂದು ‘ಯಾಕ್ರಿ, ಅರ್ಧಕ್ಕ ಎದ್ರಿ?’ ಎಂದರೆ ‘ಉಪ್ಪ ಜಾಸ್ತಿ ಆಗೈತಿ’ ಎಂದೆ. ಉಪ್ಪು ಸರಿಯಾಗೇ ಇತ್ತು.

ಅದೇ ವಾರ ಅಣ್ಣಾಸಾಹೇಬರು ಗಾಡಿ ತಂದರು. ತಂಬಾಕಿನ ವಖಾರಿಯ — ಗೋದಾಮಿನ — ಮಾಲೀಕರು, ಹಳೆಯ ಜೈನ ಮನೆತನ, ಮಾತು ಮೆತ್ತಗೆ. ಅವರ ತಂದೆ ಕೊಂಡ ಗಾಡಿ, ಹಾಲಿನ ಬಣ್ಣದ್ದು. ಶಾಂತಾ ಟೈಮಿಂಗ್ ಹಿಡಿದಳು, ಪೈಪು ಎಳೆದು ನೋಡಿದಳು, ‘ಛಲೋ ಐತ್ರಿ’ ಎಂದು ಒಳಗೆ ಹೋದಳು. ಅಣ್ಣಾಸಾಹೇಬರು ನನ್ನ ಕಡೆ ತಿರುಗಿ, ‘ಮಿಸ್ತ್ರಿ, ನಿಮಗೂ ಇವರ ಹಂಗ ಕಿವಿ ಇದ್ದಿದ್ರ ನಿಪ್ಪಾಣಿ ನಿಮಗ ಸಾಲತಿರ್ಲಿಲ್ಲ ಬಿಡ್ರಿ’ ಎಂದು ನಕ್ಕು, ಎದುರಿನ ಅಂಗಡಿಗೆ ಚಹಾಕ್ಕೆ ಹೋದರು.

ನಾನು ಒಬ್ಬನೇ ಉಳಿದೆ. ಸೈಕಲ್ಲಿನ ಚಕ್ರದೊಳಗೆ ಇರುತ್ತವಲ್ಲ, ಕಬ್ಬಿಣದ ಸಣ್ಣ ಗುಂಡುಗಳು, ಛರ್ರಾ ಎನ್ನುತ್ತೇವೆ — ಸಾಮಾನಿನ ಪೆಟ್ಟಿಗೆಯಿಂದ ಒಂದನ್ನು ತೆಗೆದೆ. ವ್ಯಾಕ್ಯೂಮ್ ಪೈಪು ಬಿಚ್ಚಿ ಅದರೊಳಗೆ ಒತ್ತಿದೆ, ಕಡ್ಡಿಯಿಂದ ನಡುವಿನವರೆಗೆ ತಳ್ಳಿದೆ, ಮತ್ತೆ ಜೋಡಿಸಿದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ನಿಂತಲ್ಲಿ ಇಂಜಿನ್ನು ಮೊದಲಿನ ಹಾಗೇ ಹಾಡುತ್ತದೆ. ರಸ್ತೆಗಿಳಿದಾಗ ಮಾತ್ರ ಸೋಮಾರಿಯಾಗುತ್ತದೆ, ಪೆಟ್ರೋಲು ಕುಡಿಯುತ್ತದೆ, ಬಿಸಿಯಾಗುತ್ತದೆ. ನನ್ನ ಲೆಕ್ಕ ಇಷ್ಟೇ ಇತ್ತು: ಅಣ್ಣಾಸಾಹೇಬರು ನಾಲ್ಕು ದಿನಕ್ಕೆ ತಿರುಗಿ ಬರುತ್ತಾರೆ, ಅವಳಿಗೆ ಗೊತ್ತಾಗುವುದಿಲ್ಲ, ನಾನು ಪೈಪು ಬದಲಿಸಿ ಸರಿಮಾಡಿ ಕೊಡುತ್ತೇನೆ. ಉಸ್ತಾದ ಯಾರು ಎಂದು ಒಮ್ಮೆ ಗೊತ್ತಾಗಲಿ ಎಂದು. ಒಂದೇ ಸಲ — ಅಷ್ಟೇ ಎಂದುಕೊಂಡೆ — ಇರಲಿ, ಏನೆಂದುಕೊಂಡೆ ಎಂಬುದರಿಂದ ಈಗ ಏನು ಬಂತು.

ಅವರು ತಿರುಗಿ ಬಂದ ದಿನ ನಾನು ಸಾಮಾನು ತರಲು ಚಿಕ್ಕೋಡಿಗೆ ಹೋಗಿದ್ದೆ. ‘ಗಾಡಿ ಎಳೀವಲ್ದು’ ಎಂದು ಅವಳೆದುರಿಗೇ ಹೇಳಿದರಂತೆ. ಅವಳು ಪೈಪು ಬಾಯಿಗಿಟ್ಟು ಎಳೆದಿದ್ದಾಳೆ. ಗುಂಡು ಅಡ್ಡ ಕೂತಿತ್ತಲ್ಲ, ನಾಲಗೆ ಗಟ್ಟಿಯಾಗಿ ಅಂಟಿಕೊಂಡಿದೆ. ನಾಲಗೆ ಹಿಡಿಯಿತು ಎಂದರೆ ಡಬ್ಬಿ ಸರಿ ಇದೆ ಎಂದು ಕಲಿಸಿದವನು ನಾನೇ. ಡಬ್ಬಿ ಸರಿ ಇದ್ದೂ ಗಾಡಿ ಎಳೆಯದಿದ್ದರೆ ಕಿಡಿ ತಡವಾಗಿದೆ ಎಂದರ್ಥ. ಅವಳು ಡಿಸ್ಟ್ರಿಬ್ಯೂಟರನ್ನು ಮುಂದಕ್ಕೆ ತಿರುಗಿಸಿದ್ದಾಳೆ. ಗಾಡಿ ಚುರುಕಾಯಿತು, ಅಣ್ಣಾಸಾಹೇಬರು ಖುಷಿಯಿಂದ ಹೋದರು. ಅವಳಿಗೆ ಮಾತ್ರ ಸಮಾಧಾನವಾಗಿರಲಿಲ್ಲ. ಸಂಜೆ ನಾನು ಬರುತ್ತಲೇ ನೀರಿನ ತಂಬಿಗೆ ಕೊಡುತ್ತ ಹೇಳಿದಳು.

‘ಭಾಳ ಮುಂದ ತಿರುವೀನ್ರಿ. ನನಗ ಬರೋಬರಿ ಅನಸ್ವಲ್ದು. ನಾಲಿಗಿ ಹಿಡೀತು, ಆದ್ರ ಒಳಗ ಪ್ಲೇಟ ಸರದ ಸಪ್ಪಳ ಕೇಳಸ್ಲಿಲ್ಲ. ನಾಳೆ ತಾಯೀನ್ನ ಕರ್ಕೊಂಡ ಸಂಕೇಶ್ವರಕ್ಕ ಹೊಂಟಾರಂತ, ಘಾಟ ಏರೂದೈತಿ. ಒಮ್ಮಿ ನೀವ ಹೋಗಿ ಪೈಪ ಬಿಚ್ಚಿ ನೋಡ್ರಿ.’

ನೋಡಿ, ಎಷ್ಟು ಹತ್ತಿರ ಬಂದಿದ್ದಳು! ಬಾರದ ಸಪ್ಪಳ ಬರಲಿಲ್ಲ ಎಂಬುದನ್ನೂ ಅವಳ ಕಿವಿ ಹಿಡಿದಿತ್ತು. ಪೈಪು ಬಿಚ್ಚಿದರೆ ಗುಂಡು ಸಿಗುತ್ತದೆ; ಗುಂಡು ಸಿಕ್ಕರೆ ಅದನ್ನು ಇಟ್ಟವರು ಯಾರು ಎಂದು ಹುಡುಕಲು ಬೇರೆ ಮನೆಗೆ ಹೋಗಬೇಕಿಲ್ಲ. ನನಗೆ ಹೆದರಿಕೆಯಾಯಿತು. ಹೆದರಿಕೆಗಿಂತ ಹೆಚ್ಚಾಗಿ — ಇದನ್ನೂ ಹೇಳಿಬಿಡುತ್ತೇನೆ — ಇಲ್ಲೂ ಗೆದ್ದಳಲ್ಲ ಎಂದು ಮೈಯೆಲ್ಲ ಉರಿಯಿತು. ನೀರು ಕುಡಿದು ತಂಬಿಗೆ ಕೊಡುತ್ತ ಅಂದೆ:

‘ಪೈಪ ಸರಿ ಐತಿ. ಸಪ್ಪಳ ಕೇಳಸ್ಲಿಲ್ಲಂದ್ರ ಅದು ನಿನ್ನ ಕಿವೀದ ತಪ್ಪ.’

ಅವಳು ತಂಬಿಗೆ ಇಸಿದುಕೊಂಡಳು. ‘ಹಂಗಂತೀರಿ?’ ಎಂದಳು. ‘ಹೂಂ’ ಎಂದೆ. ಒಳಗೆ ಹೋದಳು. ಅಣ್ಣಾಸಾಹೇಬರ ಮನೆ ನಮ್ಮಿಂದ ದೂರವಿರಲಿಲ್ಲ, ನಾನು ಹೋಗಬಹುದಿತ್ತು. ಹೋಗಲಿಲ್ಲ.

ಮರುದಿನ ಇಳಿಹೊತ್ತಿಗೆ ಅವರು ಹೊರಟರು. ತವಂದಿ ಘಾಟಿನಲ್ಲಿ ಕಾಲು ಒತ್ತಿ ಏರಿಸುವಾಗ ಇಂಜಿನ್ನು ಕಟಕಟ ಬಡಿಯತೊಡಗಿತು. ಕಿಡಿ ಅಷ್ಟು ಮುಂದಿದ್ದರೆ ಘಾಟಿನಲ್ಲಿ ಬಡಿಯದೆ ಏನು ಮಾಡೀತು? ಅಣ್ಣಾಸಾಹೇಬರಿಗೆ ಗಾಡಿಯ ಮೇಲೆ ಪ್ರೀತಿಯಿತ್ತೇ ಹೊರತು ಅದರ ಮಾತು ತಿಳಿಯುತ್ತಿರಲಿಲ್ಲ, ಇನ್ನೂ ಒತ್ತಿದರು. ಪಿಸ್ಟನ್ ಒಡೆಯಿತು. ಬೇಸಿಗೆಯ ದಿನ. ಅವರ ತಾಯಿ ಹೊತ್ತು ಮುಳುಗಿದ ಮೇಲೆ ಅನ್ನವನ್ನಷ್ಟೇ ಅಲ್ಲ, ಹನಿ ನೀರನ್ನೂ ಮುಟ್ಟದವರು. ಸಂಕೇಶ್ವರದ ತವರಿನಲ್ಲಿ ಹೊತ್ತಿರುವಾಗಲೇ ಉಂಡರಾಯಿತು ಎಂದು ಹೊರಟಿದ್ದರು. ತಂದ ನೀರು ಕುದಿಯುವ ಇಂಜಿನ್ನಿಗೆ ಹೋಯಿತು. ಬೇರೆ ವಾಹನ ಸಿಕ್ಕು ಅವರು ಮುಟ್ಟುವಾಗ ಸೂರ್ಯ ಮುಳುಗಿದ್ದ. ಅಷ್ಟು ವಯಸ್ಸಾದ ಜೀವ ಒಣ ಬಾಯಿಯಲ್ಲಿ ಮರುದಿನ ಸೂರ್ಯ ಹುಟ್ಟುವವರೆಗೆ ಕೂತಿತು.

ಗಾಡಿಯನ್ನು ಎಳೆಸಿಕೊಂಡು ಬಂದ ಅಣ್ಣಾಸಾಹೇಬರು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳೂ ಏನಾದರೂ ಅನ್ನುತ್ತಿದ್ದಳೋ ಏನೋ. ಮೆತ್ತಗೆ, ನಾಲ್ಕು ಜನರೆದುರು, ‘ಬಾಯಾರ, ನಿಮ್ಮ ಕಿವಿ ನಂಬಿ ನಮ್ಮ ಅವ್ವಗ ನೀರ ಇಲ್ದಂಗ ಮಾಡಿದೆ ನೋಡ್ರಿ’ ಎಂದರು. ಶಾಂತಾ ಎರಡೂ ಕೈ ಜೋಡಿಸಿದಳು. ‘ತಪ್ಪಾತ್ರಿ ಅಣ್ಣಾ’ ಎಂದಳು. ಆಮೇಲೆ ನನ್ನ ಕಡೆ ನೋಡಿದಳು. ಆಸರೆಗೆ ನೋಡಿದಳು, ಮತ್ತೇನಕ್ಕೂ ಅಲ್ಲ. ನಾನು ಬಾಯಿ ತೆರೆದೆ.

‘ಆಕೀವು ಕಿವಿ ಮಂದ ಆಗ್ಯಾವ್ರಿ. ಮೊನ್ನೇನ ಹೇಳೇನಿ ಆಕೀಗೆ. ಇನ್ನ ಮುಂದ ನಾನ ನೋಡ್ತೀನಿ, ಬಿಡ್ರಿ.’

ಎಲ್ಲರೂ ಹೋದ ಮೇಲೆ ಪೈಪಿನಿಂದ ಗುಂಡು ತೆಗೆದು ಚರಂಡಿಗೆ ಎಸೆದೆ. ಇಂಜಿನ್ನನ್ನು ಪುಕ್ಕಟೆ ಕಟ್ಟಿಕೊಟ್ಟೆ. ‘ಎಷ್ಟಂದ್ರೂ ಬಾಬು ಮಿಸ್ತ್ರಿ ಬಾಬು ಮಿಸ್ತ್ರೀನ’ ಎಂದರು ಜನ. ಆ ಮಾತು ಕೇಳಿ ನನಗೆ ನಾಚಿಕೆಯಾಗಲಿಲ್ಲ, ಖುಷಿಯಾಯಿತು. ಆ ದಿನ ಹೊಟ್ಟೆ ತುಂಬ ಉಂಡೆ.

ಶಾಂತಾ ಮತ್ತೆ ಗ್ಯಾರೇಜಿಗೆ ಬರಲಿಲ್ಲ. ಬಂದವರು ಕೇಳಿದರೆ ಒಳಗಿನಿಂದಲೇ, ‘ನನ್ನ ಕಿವಿ ನೆಚ್ಚಬ್ಯಾಡ್ರಿ, ಅವ್ರನ್ನ ಕೇಳ್ರಿ’ ಎನ್ನುತ್ತಿದ್ದಳು. ಗಾಳಿಗೆ ಬಿಟ್ಟ ಕಿಂಡಿಗೆ ಒಂದು ರಟ್ಟು ಹಚ್ಚಿಕೊಂಡಳು. ನಾನು ಅಂದುಕೊಂಡಿದ್ದೆ, ವಿಷಯ ಗ್ಯಾರೇಜಿಗೇ ಮುಗಿಯಿತು ಎಂದು. ಅದು ಮನೆಯೊಳಗೆ ಹೋಗಿತ್ತು. ಕುಕ್ಕರು ಸೀಟಿ ಹೊಡೆದರೆ ಅವ್ವನನ್ನು ಕೇಳುತ್ತಿದ್ದಳು, ‘ಹೊಡೀತೇನ್ರಿ ಅತ್ತಿ? ನನಗ ಹೊಡದಂಗ ಆತು.’ ಬಾಗಿಲು ತಟ್ಟಿದರೆ ಏಳುವ ಮೊದಲು ನಮ್ಮ ಮುಖ ನೋಡುತ್ತಿದ್ದಳು. ಫೋನಿನಲ್ಲಿ ಮಗಳು ಸುಜಾತಾ ಮಾತಾಡಿದರೆ ಪ್ರತಿ ಮಾತನ್ನೂ ತಿರುಗಿ ಹೇಳಿ, ‘ಹಿಂಗ ಅಂದಿ ಹೌದಿಲ್ಲೊ?’ ಎಂದು ಗಟ್ಟಿ ಮಾಡಿಕೊಳ್ಳುತ್ತಿದ್ದಳು. ಎಲ್ಲವೂ ಅವಳಿಗೆ ಸರಿಯಾಗೇ ಕೇಳುತ್ತಿತ್ತು. ಅದು ನನಗೊಬ್ಬನಿಗೇ ಗೊತ್ತಿತ್ತು. ಮಿರಜಿನ ಕಿವಿ ಡಾಕ್ಟರ ಹತ್ತಿರ ಒಮ್ಮೆ ತೋರಿಸೋಣ ಎಂದು ಅವಳೇ ಎರಡು ಮೂರು ಸಲ ಕೇಳಿದಳು. ‘ವಯಸ್ಸಿಗೆ ಎಲ್ಲಾರದೂ ಹಂಗ, ಅದಕ್ಕೇನ ಡಾಕ್ಟರ’ ಎಂದು ಮುಂದೂಡಿದೆ. ಡಾಕ್ಟರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತಲ್ಲ.

ಕೆಲವು ವರ್ಷ ಹೀಗೇ ಹೋದವು. ಆಮೇಲೆ ಒಂದು ಮಧ್ಯಾಹ್ನ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು.

ನಾನು ಹೊರಗೆ ಗಾಡಿಯ ಕೆಳಗಿದ್ದೆ, ಇಂಜಿನ್ನು ಚಾಲೂ ಇತ್ತು. ಶಾಂತಾ ಒಲೆಯ ಮುಂದಿದ್ದಳು. ಅವಳು ರೊಟ್ಟಿಯೆಲ್ಲ ಮುಗಿಸಿ, ಅತ್ತೆಯನ್ನು ಊಟಕ್ಕೆ ಕರೆಯಲು ಹೋದಾಗಲೇ ನೋಡಿದ್ದು. ತೊಡೆಯ ಎಲುಬು ಮುರಿದಿತ್ತು. ಅಷ್ಟು ಹೊತ್ತು ಹಸಿ ನೆಲದ ಮೇಲೆ ಬಿದ್ದುಕೊಂಡು ನನ್ನವ್ವ ಸೊಸೆಯ ಹೆಸರು ಹಿಡಿದು ಕರೆದಿದ್ದಳು. ನಾನು ಓಡಿಬಂದವನು ಕೈಲಿದ್ದ ಬಟ್ಟೆಯನ್ನು ಬಿಸಾಡಿ, ‘ಕಿವಿ ಸತ್ತಾವೇನ ನಿನ್ನೂವು?’ ಎಂದು ಒದರಿದೆ. ಬಾಯಿಂದ ಬಂದೇಬಿಟ್ಟಿತು.

ಶಾಂತಾ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನ ಕಡೆ ನೋಡದೆ ಹೇಳಿದಳು, ‘ಕೇಳಿಸಿತ್ರಿ. ಒಮ್ಮಿ ಅಲ್ಲ, ಮ್ಯಾಲಿಂದ ಮ್ಯಾಲ ಕೇಳಿಸಿತು. ನನ್ನ ಕಿವೀದ ಏನ ಭರೋಸಾ ಅಂತ ಸುಮ್ನ ಕುಂತೆ.’

ಆಗ ನನಗೆ ಎಲ್ಲವೂ ತಿಳಿಯಿತು. ನಾನು ಅವಳ ಹತ್ತಿರ ಕೂತು ಆಗಲೇ ಹೇಳಿದ್ದರೆ — ಆಗ ಹೇಳಬೇಕಿತ್ತು. ಅವ್ವ ಇನ್ನೂ ಬದುಕಿದ್ದಳು, ಅವಳಿಗೂ ಗೊತ್ತಾಗುತ್ತಿತ್ತು. ನಾನು ಗಾಡಿ ತರುತ್ತೇನೆ ಎಂದು ಎದ್ದು ಹೋದೆ. ಅವ್ವ ಹಾಸಿಗೆ ಹಿಡಿದಳು, ಮತ್ತೆ ಏಳಲಿಲ್ಲ. ಅವಳು ಇದ್ದಷ್ಟು ದಿನ ಶಾಂತಾ ಹೇಲು-ಉಚ್ಚೆ ಬಳಿದಳು, ಮೈ ಒರೆಸುವಾಗೆಲ್ಲ ‘ನನ್ನ ತಪ್ಪ ಹೊಟ್ಟ್ಯಾಗ ಹಾಕ್ಕೋರಿ ಅತ್ತಿ’ ಎನ್ನುತ್ತಿದ್ದಳು. ಅವ್ವ ಅವಳ ಗಲ್ಲ ಸವರಿ, ‘ಕಿವೀ ಕೊಟ್ಟ ದೇವ್ರ ಕಸ್ಗೊಂಡ್ರ ನೀ ಏನ ಮಾಡ್ತಿ ಮಗಾ’ ಎಂದಳು. ನಾನು ಬಾಗಿಲಲ್ಲೇ ನಿಂತು ಕೇಳಿದೆ. ದೇವರ ಮೇಲೆ ಹೋಯಿತಲ್ಲ ಎಂದು ಒಂದು ಗಳಿಗೆ ಹಗುರವೂ ಆಯಿತು. ಎಂಥ ಮನುಷ್ಯ ನಾನು! ಅವ್ವ ಸತ್ತಾಗ ಜನರೆದುರು ಗೋಳೋ ಎಂದು ಅತ್ತೆ. ಶಾಂತಾ ಅಳಲೂ ಹಿಂಜರಿಯುತ್ತಿದ್ದಳು, ತನಗೆ ಆ ಹಕ್ಕಿಲ್ಲ ಎಂಬಂತೆ.

ಈ ವರ್ಷ ಅಥಣಿಯಲ್ಲಿರುವ ಸುಜಾತಾ ರಜೆಗೆ ಬಂದವಳು ನನ್ನನ್ನು ಕೇಳದೆ ತಾಯಿಯನ್ನು ಮಿರಜಿಗೆ ಕರೆದುಕೊಂಡು ಹೋದಳು. ಕಿವಿಗೆ ಮಷೀನು ಹಚ್ಚಿ ನೋಡಿದ ಡಾಕ್ಟರು, ‘ಕಾನ ಏಕದಮ ಚಾಂಗಲೆ ಆಹೇತ’ ಎಂದರಂತೆ — ಕಿವಿ ಬಹಳ ಚೆನ್ನಾಗಿವೆ, ಈ ವಯಸ್ಸಿಗೆ ಇಂಥ ಕಿವಿ ಅಪರೂಪ ಎಂದರಂತೆ. ಮಗಳು ಕುಣಿಯುತ್ತ ಬಂದು ಹೇಳಿದಳು. ಶಾಂತಾ ಚಪ್ಪಲಿ ಬಿಡುತ್ತ, ಸಮಾಧಾನವಾಗಿ, ‘ಆ ಮಷೀನ ಕೆಟ್ಟಿರಬೇಕ ತಗೋ. ನಿಮ್ಮಪ್ಪ ಸುಳ್ಳ ಹೇಳ್ತಾರೇನ?’ ಎಂದಳು.

ಮಗಳು ನನ್ನ ಕಡೆ ನೋಡಿದಳು. ನಾನು ಎದ್ದು ಹೊರಗೆ ಹೋದೆ. ನನ್ನ ಒಂದು ಮಾತಿನ ಮುಂದೆ ಮಿರಜಿನ ಮಷೀನೂ ಸುಳ್ಳಾಗಿತ್ತು ಅವಳಿಗೆ. ನನ್ನ ಮಾತಿಗೆ ಇಷ್ಟು ಬೆಲೆ ಇನ್ನಾರೂ ಕೊಟ್ಟವರಿಲ್ಲ. ಅದನ್ನು ನಾನು ಇದಕ್ಕೆ ಬಳಸಿದ್ದೆ.

ಮರುದಿನ ಬೆಳಿಗ್ಗೆ ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಛರ್ರಾ, ಪೈಪು, ‘ನಿನ್ನ ಕಿವೀದ ತಪ್ಪ’ ಎಂದದ್ದು, ಬಚ್ಚಲಿನ ದಿನ ತಿಳಿದೂ ಎದ್ದುಹೋದದ್ದು. ಯಾಕೆ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಕೇಳುವ ಮೊದಲೇ, ‘ನಿನ್ನ ಕಂಡ್ರ ಹೊಟ್ಟಿ ಉರೀತಿತ್ತು, ಶಾಂತಾ’ ಎಂದೆ. ಅವಳ ಕೈ ಮೊರದ ಮೇಲೇ ನಿಂತಿತ್ತು. ಮೊರವನ್ನು ಕೆಳಗಿಟ್ಟಳು.

‘ಅತ್ತೀಗರ ಹೇಳಿದ್ರೇನ,’ ಎಂದಳು ಕೊನೆಗೆ, ‘ಸಾಯೂ ಮೊದಲ?’

‘ಇಲ್ಲ.’

‘ಹೇಳಬೇಕಿತ್ರಿ. ಅವ್ರು ಹೋಗೂತನಕಾ ಸೊಸಿ ಕಿವುಡಿ ಅಂತ ತಿಳ್ಕೊಂಡ ಹೋದ್ರು.’

ಅಷ್ಟೇ. ಬೈಯಲಿಲ್ಲ. ಒಂದು ಬೈಗುಳವಾದರೂ ಕೊಟ್ಟಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ನೆಟ್ಟಗೆ ಅಣ್ಣಾಸಾಹೇಬರ ವಖಾರಿಗೆ ಹೋದೆ. ಅಲ್ಲಿ ಕೂತ ಜನರೆದುರೇ ಹೇಳಿದೆ. ಅವರ ತಾಯಿ ತೀರಿಹೋಗಿ ಬಹಳ ದಿನವಾಗಿದೆ. ಅವರು ನನಗೆ ಕೂಡ್ರಿ ಎನ್ನಲಿಲ್ಲ. ಮುಖ ತಿರುಗಿಸಿ, ‘ನಾ ಬಾಯಾರ ಕಾಲ ಹಿಡೀಬೇಕ ಈಗ’ ಎಂದರು. ಮಗಳಿಗೂ ಹೇಳಿದೆ. ಅವಳು ಅಥಣಿಗೆ ಹೋದಮೇಲೆ ತಾಯಿಗೆ ಮಾತ್ರ ಫೋನು ಮಾಡುತ್ತಾಳೆ.

ಅಣ್ಣಾಸಾಹೇಬರು ಅದೇ ಹಾಲಿನ ಬಣ್ಣದ ಗಾಡಿ ತಂದರು. ಶಾಂತಾ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಕೈ ಒರೆಸಿಕೊಂಡು, ಬಾನೆಟ್ಟಿನೊಳಗೆ ಬಗ್ಗಿ, ಕಣ್ಣುಮುಚ್ಚಿ ನಿಂತಳು. ಮೊದಲು ಬಹಳ ಹೊತ್ತು ತಡವರಿಸಿದಳು, ಆಮೇಲೆ ಕೈ ಅಲ್ಲೇ ನಿಂತಿತು. ಇಂಜಿನ್ನು ತಣ್ಣಗಾಯಿತು. ಅಣ್ಣಾಸಾಹೇಬರ ಕಣ್ಣಲ್ಲಿ ನೀರಿತ್ತು. ‘ಇಂಥಾ ಕಿವಿ ಈ ಭಾಗದಾಗ ಇನ್ನೊಂದಿಲ್ರಿ ಬಾಯಾರ’ ಎಂದರು.

ನನ್ನ ಹೊಟ್ಟೆಯಲ್ಲಿ — ಹೇಳಲೇಬೇಕು — ಮತ್ತೆ ಉರಿ ಎದ್ದಿತು. ಅದೇ ಉರಿ, ಚೂರೂ ಕಡಿಮೆಯಾಗಿರಲಿಲ್ಲ. ಹೇಳಿಕೊಂಡರೆ ಹೋಗುತ್ತದೆ ಎಂದುಕೊಂಡಿದ್ದೆ, ಅವ್ವನನ್ನು ನುಂಗಿದ ಮೇಲಾದರೂ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಿಲ್ಲ. ಶಾಂತಾ ತಲೆಯೆತ್ತಿ ನನ್ನ ಮುಖ ನೋಡಿದಳು.

‘ಮತ್ತ ಉರೀತೇನ್ರಿ?’ ಎಂದಳು.

‘ಹೂಂ’ ಎಂದೆ. ಸುಳ್ಳು ಹೇಳಲಿಲ್ಲ.

ಅವಳು ನನ್ನ ಕೈಯಿಂದ ಪಾನಾ ತೆಗೆದುಕೊಂಡಳು. ‘ಹಂಗಾರ ಹೊರಗ ನಿಂದರ್ರಿ. ಕೆಲಸ ಮುಗದ ಮ್ಯಾಲ ಕರೀತೀನಿ’ ಎಂದಳು. ಈಗ ಯಾವ ಗಾಡಿ ಬಂದರೂ ಹಾಗೇ. ಅವಳು ಟೈಮಿಂಗ್ ಹಿಡಿದು, ಪೈಪು ಎಳೆದು ನೋಡಿ, ಬಾನೆಟ್ಟು ಮುಚ್ಚಿ, ಗಿರಾಕಿ ಗಾಡಿ ತೆಗೆದುಕೊಂಡು ಹೋಗುವವರೆಗೂ ನಾನು ನನ್ನ ಗ್ಯಾರೇಜಿನ ಹೊರಗೆ ರಸ್ತೆಯ ಬದಿಗೆ ನಿಲ್ಲುತ್ತೇನೆ. ಹೋಗುವವರು ಬರುವವರು ಯಾಕೆ ಎಂದು ಕೇಳುತ್ತಾರೆ. ಕೇಳಿದವರಿಗೆಲ್ಲ ಹೇಳುತ್ತೇನೆ.